ಮನೆಗಳ ಎತ್ತರ

ವೊಜಲಾದ್, ಕ್ರೋಜ್ ಜಿಲ್ಲೆ
6 ಮಾರ್ಚ್ 1899

ಅಪ್ಪನಿಗೆ,

...ಊರೆಂದರೆ ಮಳೆನೀರು ಯಾವ ಕಡೆಗೆ ಹೋಗುತ್ತದೆ ಎನ್ನುವುದಷ್ಟೇ, ಉಳಿದದ್ದೆಲ್ಲ ಆಮೇಲೆ ಬಂದವರ ಗಲಾಟೆ, ಹೀಗೇನೋ ನೀವು ಒಮ್ಮೆ ಹೇಳಿದ್ದಿರಿ. ಇಗರ್ಜಿಯ ಹಿಂದಿನ ದಿಬ್ಬದ ಮೇಲೆ ನಿಂತು ಹೇಳಿದ್ದು ನೆನಪಿದೆ. ಅಥವಾ ಹೇಳಿದ್ದು ಪಕ್ಕದ ಮನೆಯ ಬ್ಲೇಜ್ ಚಿಕ್ಕಪ್ಪ ಇರಬಹುದು, ನೀವು ಸುಮ್ಮನೆ ತಲೆಯಾಡಿಸಿರಬಹುದು. ನನಗೆ ಆಗ ಹತ್ತೋ ಹನ್ನೊಂದೋ. ಮಾತು ಉಳಿದಿದೆ, ಬಾಯಿ ಯಾರದೆಂಬುದು ಅಳಿಸಿಹೋಗಿದೆ.

ಆ ಮಾತು ಈಗ ಬೇಕಾಗಿದೆ. ಮೂರು ವರ್ಷದಿಂದ ನಾನು ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯಲ್ಲೇ ಪಾಠ ಹೇಳುತ್ತಿದ್ದೇನೆ. ಮುಂದಿನ ವರ್ಷ ಪ್ಯಾರಿಸ್ಸಿನಲ್ಲಿ ನಡೆಯಲಿರುವ ದೊಡ್ಡ ಪ್ರದರ್ಶನಕ್ಕೆಂದು ಶಿಕ್ಷಕರೆಲ್ಲ ತಮ್ಮ ತಮ್ಮ ಊರಿನ ಭೂಗೋಳ ಮತ್ತು ಚರಿತ್ರೆ ಬರೆದುಕೊಡಬೇಕೆಂದು ಶಾಲಾ ಇನ್ಸ್‌ಪೆಕ್ಟರು ಸುತ್ತೋಲೆ ಕಳಿಸಿದ್ದಾರೆ. ಗಂಡುಮಕ್ಕಳ ಶಾಲೆಯ ಮೇಷ್ಟ್ರು ತಮಗೆ ಕೀಲುನೋವೆಂದು ಹೇಳಿ ಆ ಸುತ್ತೋಲೆಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ತಲೆಬರಹಗಳನ್ನೂ ಮೇಲಿನವರೇ ಕೊಟ್ಟಿದ್ದಾರೆ: ಸ್ಥಾನ, ಎಲ್ಲೆ, ನೀರು, ಮಣ್ಣು, ಮನೆಗಳು, ಜನ, ಕಸುಬು, ಹಳೆಯ ನೆನಪು.

ಎಲ್ಲೆ ಎನ್ನುವಲ್ಲಿಗೇ ನಾನು ನಿಂತೆ. ಕಂದಾಯದ ನಕ್ಷೆಯಲ್ಲಿ ಕುರುಡಿಯ ಹೊಲ ಎಂದು ಒಂದಿದೆ. ಯಾವ ಕುರುಡಿ? ತೋಳನ ಹಾಸುಗಲ್ಲು ಎಂದು ಇನ್ನೊಂದಿದೆ, ಅಲ್ಲಿ ಕಲ್ಲೇ ಇಲ್ಲ. ಹಳೆಯ ಕಲ್ಲುಗಣಿಯನ್ನು ಮೊದಲು ತೆಗೆದವರು ಯಾರು? ಬಟ್ಟೆ ಒಗೆಯುವ ಕೊಳದಿಂದ ಸೇತುವೆಗೆ ಎಷ್ಟು ದೂರ? ಇದನ್ನು ಅಳೆಯಲು ನನಗೇ ಬರುತ್ತದೆ. ಆದರೂ ಕೇಳುತ್ತಿದ್ದೇನೆ.

ನಿನ್ನೆ ಗಂಡಸರು ಪ್ಯಾರಿಸ್ಸಿಗೆ ಗಾರೆ ಕೆಲಸಕ್ಕೆ ಹೊರಟರು. ಹೆಂಗಸರು ಎಂದಿನಂತೆ ಊರಂಚಿನ ಕಬ್ಬಿಣದ ಶಿಲುಬೆಯವರೆಗೆ ಹೋಗಿ ನಿಂತರು. ಇನ್ನು ಡಿಸೆಂಬರಿನವರೆಗೆ ಊರಿನಲ್ಲಿ ಹೆಂಗಸರು, ಮುದುಕರು, ಮಕ್ಕಳು, ಹಂದಿಗಳು. ನೀವು ಹೀಗೇ ಹೋಗಿ ಈ ತಿಂಗಳಿಗೆ ಹದಿನೇಳು ವರ್ಷ. ಪ್ರತಿ ಹೊಸವರ್ಷಕ್ಕೆ ನೀವು ಕಳಿಸುವ ಎರಡು ಸಾಲಿನ ಕೆಳಗೆ ಈ ವಿಳಾಸ ಇರುತ್ತದೆ. ಅದಕ್ಕೆ ಈ ಮನೆಯಿಂದ ಯಾರೂ ಉತ್ತರ ಬರೆದಿಲ್ಲ ಎಂಬುದೂ ನನಗೆ ಗೊತ್ತು.

ಅಮ್ಮ ಚೆನ್ನಾಗಿದ್ದಾಳೆ. ಈ ಪತ್ರದ ವಿಷಯ ಅವಳಿಗೆ ಹೇಳಿಲ್ಲ. ಭೂಗೋಳದ ಹೊರತು ನಾನು ಬೇರೇನೂ ಕೇಳುತ್ತಿಲ್ಲ.

ನಿಮ್ಮ ಮಗಳು,
ಮಾರ್ಸೆಲಿನ್


ಪ್ಯಾರಿಸ್
29 ಮಾರ್ಚ್ 1899

ಮಾರ್ಸೆಲಿನ್‌ಗೆ,

ನೀರಿನ ಮಾತು ಬ್ಲೇಜ್ ಹೇಳಿದ್ದಲ್ಲ. ಅವನಿಗೆ ಅಷ್ಟು ಯೋಚನೆ ಇಲ್ಲ.

ಇಗರ್ಜಿಯ ಚಾವಣಿಯ ಉತ್ತರದ ಇಳಿಜಾರಿನ ನೀರು ಕ್ರೋಜ್ ಹೊಳೆಗೆ ಹೋಗಿ ಅಲ್ಲಿಂದ ಲ್ವಾರ್ ನದಿ ಸೇರುತ್ತದೆ. ದಕ್ಷಿಣದ ನೀರು ದೊರ್ದೋಞ್ ನದಿಗೆ. ಒಂದೇ ಮೋಡ. ಪಾದ್ರಿಗಳು ಇದನ್ನು ಪ್ರವಚನದಲ್ಲಿ ಬಳಸುತ್ತಿದ್ದರು, ನನಗೆ ಅದು ಇಷ್ಟವಾಗುತ್ತಿರಲಿಲ್ಲ. ನೀರಿಗೆ ನೀತಿ ಬೇಡ.

ಕುರುಡಿಯ ಹೊಲ ಒಂದಲ್ಲ, ಎರಡು. ನಡುವಿನ ಗೋಡೆಯನ್ನು ನನ್ನ ಅಜ್ಜ ಕೆಡವಿದ. ಕುರುಡಿ ಎಂದರೆ ಅವನ ಅತ್ತೆ. ಗೋಡೆ ಮುಟ್ಟಿಕೊಂಡೇ ಹೊಲಕ್ಕೆ ಹೋಗಿ ಬರುತ್ತಿದ್ದಳು. ಅವಳು ಸತ್ತ ಮೇಲೆಯೇ ಕೆಡವಿದ್ದು. ತೋಳನ ಹಾಸುಗಲ್ಲು ಈಗ ಸೇತುವೆಯ ಎಡದ ಕಂಬದಲ್ಲಿದೆ, ಕೆಳಗಿನಿಂದ ಮೂರನೆಯ ಕಲ್ಲು, ಕೆಂಪಗಿನದು. ಕಲ್ಲುಗಣಿ ತೆಗೆದವರು ಸನ್ಯಾಸಿಗಳು, ನಮ್ಮವರಲ್ಲ.

ಕೊಳದಿಂದ ಸೇತುವೆಗೆ ನೂರ ಹನ್ನೆರಡು ಹೆಜ್ಜೆ. ಇದು ನನ್ನ ಆಗಿನ ಹೆಜ್ಜೆ.

ನೀನು ಶಾಲೆಯಲ್ಲಿ ಕಲಿಸುತ್ತಿರುವುದು ನನಗೆ ತಿಳಿದಿರಲಿಲ್ಲ.

ಅಕ್ಷರ ಕ್ಷಮಿಸು. ಎಡಗೈ.

ಲೆಯೊನಾರ್ ಲಾಶೊಮ್


ವೊಜಲಾದ್
14 ಮೇ 1899

ಅಪ್ಪನಿಗೆ,

ಸೇತುವೆಯ ಕೆಳಗೆ ಇಳಿದು ನೋಡಿದೆ. ಮೂರನೆಯ ಕಲ್ಲು ಕೆಂಪಗಿದೆ. ಶಾಲೆಯ ಹನ್ನೆರಡು ಹುಡುಗಿಯರನ್ನೂ ಸಾಲಾಗಿ ಇಳಿಸಿ ಮುಟ್ಟಿಸಿದೆ. ಒಬ್ಬಳು ಹೊಳೆಗೆ ಬಿದ್ದಳು, ಅವಳಿಗೆ ಭೂಗೋಳ ಇನ್ನು ಮರೆಯುವುದಿಲ್ಲ.

ಬ್ಲೇಜ್ ಚಿಕ್ಕಪ್ಪನಿಗೆ ಈಗ ಅರವತ್ತೆಂಟು, ಪ್ಯಾರಿಸ್ಸಿಗೆ ಹೋಗುವುದು ಬಿಟ್ಟು ನಾಲ್ಕು ವರ್ಷವಾಯಿತು. ನಿಮ್ಮ ಪತ್ರದ ಮೊದಲ ಸಾಲನ್ನು ಅವರಿಗೆ ಓದಿ ಹೇಳಿದೆ. "ನಂಗೆ ಯೋಚನೆ ಇಲ್ವಂತಾ? ಅವನಿಗೆ ಇತ್ತಲ್ಲ, ಅದಕ್ಕೇ ಹೀಗಾಗಿರೋದು," ಎಂದರು. ಆಮೇಲೆ ಬಹಳ ಹೊತ್ತು ಪೈಪು ಹಚ್ಚಲಿಲ್ಲ. "ಇನ್ನೇನ್ ಬರ್ದಿದಾನೆ?" ಎಂದು ಎರಡು ಸಲ ಕೇಳಿದರು.

ಈಗ 'ಮನೆಗಳು' ಎಂಬ ಭಾಗ ಬರೆಯುತ್ತಿದ್ದೇನೆ. ಇಷ್ಟು ಆಗಿದೆ, ತಪ್ಪಿದ್ದರೆ ತಿದ್ದಿ:

"ವೊಜಲಾದ್‌ನಲ್ಲಿ ನಲವತ್ತೊಂದು ಮನೆಗಳಿವೆ. ಎಲ್ಲವೂ ಕಣಿವೆಯ ಬೂದುಬಣ್ಣದ ಕಲ್ಲಿನವು. ಯಾವ ಎರಡು ಮನೆಗಳೂ ಒಂದೇ ಎತ್ತರವಿಲ್ಲ. ವರ್ಷವಿಡೀ ಪರರ ಮನೆ ಕಟ್ಟುವ ಇಲ್ಲಿನ ಗಂಡಸು ತನ್ನ ಮನೆಯನ್ನು ಊರಿಗೆ ಬಂದಾಗ, ಚಳಿಗಾಲಕ್ಕೆ ಕಲ್ಲಿನ ಒಂದು ಸಾಲು, ಒಂದು ವರಸೆಯಂತೆ, ತಾನೇ ಕಟ್ಟುತ್ತಾನೆ. ಆ ವರಸೆಗೆ ಬೇರೆಯವರು ಕೈ ಹಚ್ಚುವುದಿಲ್ಲ. ಗೋಡೆ ಅವನಿಗೆ ಬೇಕಾದ ಎತ್ತರಕ್ಕೆ ಬರುವವರೆಗೆ ಮೇಲೆ ಹುಲ್ಲಿನ ಹೊದಿಕೆ ಮಾತ್ರ, ಹೆಂಚಿಲ್ಲ. ನಡುವೆ ಅವನು ಸತ್ತರೆ ನೆರೆಯವರು ಬಂದು ಗೋಡೆ ಎಲ್ಲಿಗೆ ನಿಂತಿದೆಯೋ ಅಲ್ಲಿಗೇ ಹೆಂಚು ಹಾಕಿಬಿಡುತ್ತಾರೆ. ಹೀಗಾಗಿ ಊರಿನ ತಗ್ಗು ಮನೆಗಳೆಲ್ಲ ವಿಧವೆಯರವು. ಅವು ಹದಿನಾಲ್ಕು."

ನಮ್ಮ ಮನೆಯ ಬಗ್ಗೆ ಪ್ರತ್ಯೇಕವಾಗಿ ಏನೂ ಬರೆದಿಲ್ಲ.

ನಿಮ್ಮ ಲಕೋಟೆ ಅಮ್ಮನ ಕೈಗೆ ಸಿಕ್ಕಿತು. ನಾನೇ ಗಣಿತದ ಪುಸ್ತಕದಲ್ಲಿ ಇಟ್ಟು ಮರೆತಿದ್ದೆ. ಅಥವಾ ಮರೆತೆನೆಂದು ಅಂದುಕೊಂಡಿದ್ದೇನೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅವಳೇ ಬರೆದಿರೋದು," ಎಂದಳು.

"ಯಾರಮ್ಮ?"

"ಪ್ಯಾರಿಸ್ಸಿನೋಳು. ಹೊಸವರ್ಷದ ಕಾಗದಾನೂ ಅವಳೇ ತಾನೆ ಬರಿಯೋದು."

"ನಿಂಗೆ ಹೇಗೆ ಗೊತ್ತು? ನಿಂಗೆ ಓದೋಕೇ ಬರಲ್ಲ."

"ಓದೋಕೆ ಬರದೇ ಇರಬೋದು, ನೋಡೋಕೆ ಬರುತ್ತೆ. ನಿಮ್ಮಪ್ಪನ ಅಕ್ಷರ ಗೋಡೆ ತರ ನೆಟ್ಟಗೆ ನಿಂತಿರ್ತಿತ್ತು. ಇದು ನೋಡು, ಕುಡಿದೋರ ತರ ಆ ಕಡೆ ವಾಲ್ಕೊಂಡಿದೆ. ಆ ವರ್ಷದಿಂದ ಎಲ್ಲಾ ಕಾಗದಾನೂ ಹೀಗೇ. ಹೆಂಗಸಿನ ಕೈ." ಲಕೋಟೆಯನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಳು, ಹಾರಿಹೋಗುವುದೆಂಬಂತೆ. "ಪರವಾಗಿಲ್ಲ ಬಿಡು. ವರ್ಷಕ್ಕೊಂದ್ಸಲ ಬರೆಯೋ ಅಷ್ಟು ಒಳ್ಳೆಯೋಳು ಇದಾಳಲ್ಲ."

ನಾನು ಎಡಗೈಯ ಮಾತು ಎತ್ತಲಿಲ್ಲ. ಎತ್ತುವ ಮೊದಲು ಖಾತ್ರಿ ಬೇಕಿತ್ತು. ನೀವು ನನಗೆ ಕರಣೆ ಹಿಡಿಯಲು ತೋರಿಸಿಕೊಟ್ಟದ್ದು ಬಲಗೈಯಲ್ಲಿ. ಎಡಗೈ ಯಾವಾಗಿನಿಂದ?

ಕೊಳದ ಬಗ್ಗೆಯೂ ಬರೆಯಿರಿ. ಅದರ ಕಲ್ಲುಹಾಸು ಯಾರ ಕಾಲದ್ದು?

ನಿಮ್ಮ
ಮಾರ್ಸೆಲಿನ್


ಪ್ಯಾರಿಸ್
2 ಜುಲೈ 1899

ಮಾರ್ಸೆಲಿನ್‌ಗೆ,

ತಡವಾಯಿತು. ಪ್ರದರ್ಶನದ ಕಟ್ಟಡಗಳ ಕೆಲಸ ನಡೆಯುತ್ತಿದೆ, ನಾನು ಅಲ್ಲಿ ಸಾಮಾನು ಕಾಯುತ್ತೇನೆ. ಸುಣ್ಣ, ಹಲಗೆ, ಹಗ್ಗ. ಎಲ್ಲಾ ಕಡೆ ಗಾರೆಯ ಹೂವು, ಗಾರೆಯ ದೇವತೆ. ಒಂದು ವರ್ಷ ನಿಂತರೆ ಸಾಕಂತೆ. ಒಂದು ವರ್ಷಕ್ಕೆಂದು ಕಟ್ಟುವುದನ್ನು ನಾನು ನೋಡಿರಲಿಲ್ಲ.

ಕೊಳದ ಕಲ್ಲುಹಾಸು ನನ್ನ ತಂದೆ ಮತ್ತು ಬ್ಲೇಜನ ತಂದೆ ಸೇರಿ ಮಾಡಿದ್ದು, ಅವರಿಬ್ಬರ ಮದುವೆಯಾದ ಚಳಿಗಾಲ. ಹೆಂಗಸರು ಮೊಣಕಾಲೂರುವ ಕಲ್ಲುಗಳಿಗೆ ಒಂದೊಂದಕ್ಕೂ ಒಬ್ಬೊಬ್ಬರ ಹೆಸರಿತ್ತು. ಕೊಳಕ್ಕೆ ಇಳಿಯುವ ಕಡೆಯಿಂದ ನಾಲ್ಕನೆಯದು ನಿನ್ನ ಅಮ್ಮನದು. ಅದು ಸ್ವಲ್ಪ ಅಲುಗುತ್ತಿತ್ತು. ಸರಿ ಮಾಡುತ್ತೇನೆ ಎಂದಿದ್ದೆ.

ಕೊಳದ ಕೆಳಗೆ, ರಸ್ತೆ ತಿರುಗುವಲ್ಲಿ ಇರುವ ತಡೆಗೋಡೆಯ ಬಗ್ಗೆ ನಿನ್ನ ಪುಸ್ತಕದಲ್ಲಿ ಏನೂ ಬರೆಯಬೇಡ. ಊರಿಗೆ ನಾಚಿಕೆ. ಸಂದಿನ ಮೇಲೆ ಸಂದು ಬಂದಿದೆ, ಕೆಳಗಿನಿಂದ ಮೇಲಿನವರೆಗೆ ಒಂದೇ ಗೆರೆ. ಮೇಲಿನ ಎರಡು ವರಸೆಯಲ್ಲಂತೂ ಹಿಂದಕ್ಕೆ ಹೋಗುವ ಉದ್ದಗಲ್ಲು ಒಂದೂ ಇಲ್ಲ. ಹೊಳೆಯ ಗುಂಡುಕಲ್ಲನ್ನೇ ತುಂಬಿದ್ದಾರೆ. ಯಾರು ಕಟ್ಟಿದ್ದೋ, ಅವರ ಕೈಗೆ ಕರಣೆ ಕೊಟ್ಟವರಿಗೆ ಹೇಳಬೇಕು.

ಕೈಯ ವಿಷಯ ಕೇಳಿದ್ದೀಯ. 1882 ಅಕ್ಟೋಬರ್. ನಿಂತಿದ್ದ ಸಾರುವೆಯ ಹಲಗೆ ಮುರಿದು ಬಿದ್ದೆ. ಬಲಗೈಯ ಬೆರಳುಗಳು ಮಡಚುವುದಿಲ್ಲ. ಕಲ್ಲಿಡಲಾಗದವನು ಚಳಿಗಾಲಕ್ಕೆ ಊರಿಗೆ ಬಂದು ಮಾಡುವುದೇನು? ಇದು ಭೂಗೋಳಕ್ಕೆ ಸೇರಿದ್ದಲ್ಲ.

ಮನೆಗಳ ಬಗ್ಗೆ ನೀನು ಬರೆದದ್ದರಲ್ಲಿ ತಪ್ಪಿಲ್ಲ.

ಲೆಯೊನಾರ್ ಲಾಶೊಮ್


ವೊಜಲಾದ್
20 ಆಗಸ್ಟ್ 1899

ಅಪ್ಪನಿಗೆ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ. ಮೂರನೆಯದು ಹೇಗಿದ್ದರೂ ಕಳಿಸುತ್ತೇನೆ.

ತಡೆಗೋಡೆಯ ಭಾಗವನ್ನು ಬ್ಲೇಜ್ ಚಿಕ್ಕಪ್ಪನಿಗೆ ಓದಿದೆ, ನಗಿಸೋಣವೆಂದು. ಅವರು ರೈ ಧಾನ್ಯದ ಕಟಾವು ಮುಗಿಸಿ ಕುಡುಗೋಲು ಮಸೆಯುತ್ತಿದ್ದರು.

"ಯಾವನು ಹೇಳಿದ್ದು ಅದನ್ನ? ಆ ಗೋಡೆ ಕಟ್ಟಿದ್ದು ನಾನು!"

"ಅಪ್ಪ ಬರೆದಿದ್ದಾರೆ ಚಿಕ್ಕಪ್ಪ."

"ಪ್ರವಾಹ ಬಂದು ರಸ್ತೆ ಕೊಚ್ಕೊಂಡು ಹೋಗಿತ್ತು. ಊರಲ್ಲಿ ಒಬ್ಬ ಗಂಡಸಿರಲಿಲ್ಲ. ಜ್ವರ ಅಂತ ನಾನೊಬ್ಬ ಉಳ್ಕೊಂಡಿದ್ದೆ. ಜ್ವರದಲ್ಲಿ ಎಂಟು ದಿನಕ್ಕೆ ಎತ್ತಿದೀನಿ, ಉದ್ದಗಲ್ಲು ಬೇಕಂತೆ ಇವನಿಗೆ! ಬರ್ಲಿ, ಬಂದು ಎತ್ತಿ ತೋರಿಸ್ಲಿ, ಆಗ..."

ಕುಡುಗೋಲನ್ನು ಕೆಳಗಿಟ್ಟರು. ನಾನೂ ಅದೇ ಹೊತ್ತಿಗೆ ಅದೇ ಲೆಕ್ಕ ಹಾಕುತ್ತಿದ್ದೆ. ಪ್ರವಾಹ ಬಂದದ್ದು 1890ರ ಬೇಸಿಗೆಯಲ್ಲಿ. ನೀವು ಹೋದದ್ದು 1882ರಲ್ಲಿ.

"ಇಲ್ಲಿಂದ ಹೋದೋರು ಯಾರಾದ್ರೂ ಹೇಳಿರಬೋದು," ಎಂದೆ.

"ಗೋಡೆ ಬಿತ್ತು, ಗೋಡೆ ಎದ್ದಿತು ಅಂತ ಹೇಳಬೋದು. ಮೇಲಿನ ಎರಡು ವರಸೆಗೆ ಗುಂಡುಕಲ್ಲು ತುಂಬಿದೆ ಅಂತ ಯಾವನು ಹೇಳ್ತಾನೆ? ಅದು ನಂಗೆ ಬಿಟ್ರೆ ದೇವರಿಗೆ ಗೊತ್ತು." ಮೂಗು ಒರೆಸಿಕೊಂಡರು. "ಇವ್ನು ನೋಡಿದಾನೆ, ಮಗು. ಹತ್ರ ನಿಂತು ನೋಡಿದಾನೆ. ನೋಡದೆ ಹೀಗೆ ಬೈಯೋಕಾಗಲ್ಲ."

ನಾನು ಆ ತಿರುವಿಗೆ ಹೋಗಿ ನಿಂತೆ. ಗೋಡೆ ಸ್ವಲ್ಪ ಉಬ್ಬಿದೆ, ಬಿದ್ದಿಲ್ಲ. ಅಲ್ಲಿ ನಿಂತವರಿಗೆ ಎಡಕ್ಕೆ ಕೊಳ ಕಾಣುತ್ತದೆ, ನೇರಕ್ಕೆ ನಮ್ಮ ಮನೆ. ನಡುವೆ ಮರವೂ ಇಲ್ಲ.

ಅದೇ ವರ್ಷದ ಶರತ್ಕಾಲದಲ್ಲಿ ನಮ್ಮೂರಿನಲ್ಲಿ ಇನ್ನೊಂದು ಕೆಲಸ ನಡೆಯಿತು. ಅದನ್ನು ಈ ಪತ್ರದಲ್ಲಿ ಬರೆಯಲಾರೆ.

ಯಾವಾಗ ಬಂದಿರಿ?

ಮಾರ್ಸೆಲಿನ್


ಪ್ಯಾರಿಸ್
24 ಸೆಪ್ಟೆಂಬರ್ 1899

ಮಾರ್ಸೆಲಿನ್‌ಗೆ,

1890, ಡಿಸೆಂಬರ್ 14, ಭಾನುವಾರ.

ಎಂಟು ವರ್ಷ ಪ್ರತಿ ದಿನ ಕೈಯನ್ನು ಬಿಸಿನೀರಿನಲ್ಲಿ ಅದ್ದಿ ಬೆರಳು ಎಳೆದು ಎಳೆದು, ಕೊನೆಗೆ ಹೆಬ್ಬೆರಳು ಮತ್ತು ಇನ್ನೊಂದು ಬೆರಳಿನ ನಡುವೆ ಕರಣೆ ನಿಂತಿತು. ಒಂದು ವರಸೆ ಇಡಬಹುದು ಎನಿಸಿತು. ಎಲ್ಲರಂತೆ ಹತ್ತು ದಿನದಲ್ಲಲ್ಲ, ಇಡೀ ಚಳಿಗಾಲ ಹಿಡಿದು. ರೈಲಿನಲ್ಲಿ ಬಂದೆ, ಸ್ಟೇಷನ್ನಿನಿಂದ ನಡೆದೆ. ಜನ ಪೂಜೆಗೆ ಹೋಗಿದ್ದರು, ಯಾರೂ ಎದುರಾಗಲಿಲ್ಲ.

ತಿರುವಿನಿಂದ ಮನೆ ಕಂಡಿತು. ಹೆಂಚು ಹಾಕಿತ್ತು. ಹೊಸ ಹೆಂಚು, ಇನ್ನೂ ಕೆಂಪು. ನನ್ನ ಹನ್ನೆರಡನೆಯ ವರಸೆಯ ಮೇಲೆ ನೇರವಾಗಿ ಕೂತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು. ಹೊಗೆ ಬರುತ್ತಿತ್ತು.

ಸತ್ತವನು ಬಾಗಿಲು ತಟ್ಟುವುದು ಹೇಗೆ? ಅಲ್ಲಿ ನಿಂತೆ. ನೋಡಲು ಬೇರೇನೂ ಇರಲಿಲ್ಲ, ಆದ್ದರಿಂದ ಆ ತಡೆಗೋಡೆ ನೋಡಿದೆ. ಒಂದು ಗಂಟೆ ನೋಡಿರಬೇಕು. ಗಂಟೆ ಹೊಡೆದು ಪೂಜೆ ಬಿಟ್ಟಿತು. ಮಧ್ಯಾಹ್ನದ ರೈಲಿಗೆ ಹೋದೆ.

ನಿನ್ನ ಅಮ್ಮ ಜಿಲ್ಬೆರ್ತ್ ಮಾಡಿದ್ದು ಸರಿ. ಎಂಟು ವರ್ಷ ಎಂದರೆ ಬಹಳ. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ, ಇದನ್ನು ಅವಳಿಗೆ ಹೇಳುವುದು ಬೇಡ. ಗೋಡೆ ಕಟ್ಟಿದ್ದು ಬ್ಲೇಜ್ ಎಂದು ತಿಳಿದಿದ್ದರೆ ಬರೆಯುತ್ತಿರಲಿಲ್ಲ.

ನಿನ್ನ ಪುಸ್ತಕಕ್ಕೆ ಬೇಕಾದದ್ದೆಲ್ಲ ಹೇಳಿದ್ದಾಯಿತು ಎನಿಸುತ್ತದೆ.

ಲೆಯೊನಾರ್ ಲಾಶೊಮ್


ವೊಜಲಾದ್
22 ಅಕ್ಟೋಬರ್ 1899

ಅಪ್ಪ,

ಹೆಂಚು ಹಾಕಿಸಿದ್ದು ನಾನು.

ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕೆಂದು ಮೂರು ವಾರದಿಂದ ಅಂದುಕೊಂಡಿದ್ದೆ. ಬರೆದೆ. ಇನ್ನು ಉಳಿದದ್ದು ವಿವರ, ವಿವರಗಳಲ್ಲಿ ನಾನು ನನ್ನ ಪರವಾಗಿ ಮಾತಾಡಿಕೊಳ್ಳುತ್ತೇನೆ ಎಂದು ಗೊತ್ತಿದ್ದೇ ಓದಿ.

ನನಗೆ ಇಪ್ಪತ್ತು. ಶಿಕ್ಷಕಿಯರ ತರಬೇತಿ ಶಾಲೆಯಿಂದ ಆಗತಾನೇ ಬಂದಿದ್ದೆ, ಮೊದಲ ಕೆಲಸ ಸಿಕ್ಕಿತ್ತು. ಹಳ್ಳಿಯ ಮೂಢನಂಬಿಕೆಗಳ ಮೇಲೆ ಪ್ರಬಂಧ ಬರೆದು ಬಹುಮಾನ ಪಡೆದಿದ್ದೆ. ಅದರಲ್ಲಿ ಎರಡನೆಯ ಉದಾಹರಣೆ ನಮ್ಮ ಹುಲ್ಲಿನ ಹೊದಿಕೆಗಳು. ಆ ವರ್ಷ ಹುಲ್ಲು ಕೊಳೆತು ಅಮ್ಮನ ಹಾಸಿಗೆಯ ಮೇಲೆ ನೀರು ಸೋರುತ್ತಿತ್ತು, ಅವಳ ಕೆಮ್ಮು ನಿಲ್ಲುತ್ತಿರಲಿಲ್ಲ. ಹೆಂಚು ಹಾಕಿಸೋಣ ಎಂದೆ. ಅವಳು, "ಹಾಕಿಸ್ತೀಯಾ? ನಿನ್ನಿಷ್ಟ," ಎಂದಳು. ಬ್ಲೇಜ್ ಚಿಕ್ಕಪ್ಪ ಒಲ್ಲೆನೆಂದರು. ನಾನು ಹಠ ಹಿಡಿದೆ, ಚಳಿಗಾಲದಲ್ಲಿ ಅಮ್ಮ ಸತ್ತರೆ ನಿಮ್ಮ ತಲೆಗೆ ಎಂದೆ. ಅವರು ಹಾಕಿದ ಮೂರು ದಿನವೂ ಅಮ್ಮ ಬೀದಿಗೆ ಬೆನ್ನು ಮಾಡಿ ಕುಳಿತು ಚೆಸ್ಟ್‌ನಟ್ ಸುಲಿದಳು. ನಾನು ಅದನ್ನು ದಣಿವು ಎಂದುಕೊಂಡೆ. ಓದಿದ ಹುಡುಗಿಗೆ ಬೆನ್ನನ್ನು ಓದಲು ಯಾರೂ ಕಲಿಸಿರಲಿಲ್ಲ.

ಕೆಲಸ ಮುಗಿದ ಮೇಲೆ ಊರಿನ ಹೆಂಗಸರು ಒಬ್ಬೊಬ್ಬರೇ ಬಂದು ಒಂದೊಂದು ರೈ ರೊಟ್ಟಿ ಇಟ್ಟು ಹೋದರು. ಗಂಡ ಸತ್ತು ಹೆಂಚು ಹಾಕಿದ ಮನೆಗೆ ತರುವಂತೆ. ಅಮ್ಮ ಅವನ್ನು ಹಂದಿಗೆ ಹಾಕಿದಳು.

ನೀವು ಹೇಳಬೇಡ ಎಂದದ್ದನ್ನು ನಾನು ಅಮ್ಮನಿಗೆ ಹೇಳಿದೆ. ನಿಮ್ಮ ಮೂರು ಪತ್ರಗಳನ್ನೂ ಮೊದಲಿನಿಂದ ಕೊನೆಯವರೆಗೆ, ಕಲ್ಲುಗಣಿ ಸಮೇತ, ಓದಿದೆ. ಕೈಯ ಭಾಗ ಬಂದಾಗ ಅವಳು, "ನಿಲ್ಸು," ಎಂದಳು.

"ಎಡಗೈಯಾ?"

"ಹೂಂ ಅಮ್ಮ."

"ಅಂದ್ರೆ ಹೆಂಗಸಲ್ಲ."

"ಹೆಂಗಸಲ್ಲ."

ಕಾಗದವನ್ನು ಕೇಳಿ ತೆಗೆದುಕೊಂಡಳು. ವಾಲಿದ ಅಕ್ಷರಗಳನ್ನು ಒಂದೊಂದಾಗಿ ನೋಡಿದಳು, ಬೇರೆ ಯಾರದೋ ಮುಖ ಎಂದುಕೊಂಡಿದ್ದನ್ನು ಮತ್ತೆ ನೋಡುವಂತೆ. "ಎಷ್ಟು ಬೈದಿದೀನಿ ಅವಳಿಗೆ," ಎಂದಳು. "ಹದಿನೇಳು ವರ್ಷ. ಪಾಪ, ಇರಲೇ ಇಲ್ಲ ಅವಳು." ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಡಿಸೆಂಬರ್ ಹದಿನಾಲ್ಕರ ಭಾಗವನ್ನು ಎರಡು ಸಲ ಓದಿಸಿದಳು. "ಪೂಜೆಗೆ ನಾನು ಹೋಗಿರಲಿಲ್ಲ ಆವತ್ತು. ಒಳಗೇ ಇದ್ದೆ. ಸಾರು ಕುದೀತಿತ್ತು," ಎಂದಳು.

ಮರುದಿನ ಬೆಳಿಗ್ಗೆ ಅವಳು ಬ್ಲೇಜ್ ಚಿಕ್ಕಪ್ಪನ ಅಂಗಳದಲ್ಲಿ ನಿಂತಿದ್ದಳು.

"ಬ್ಲೇಜ್, ಏಣಿ ತಗೊಂಡು ಬಾ. ಹೆಂಚು ಇಳಿಸ್ಬೇಕು."

"ಹುಚ್ಚಾ ನಿಂಗೆ? ಚಳಿಗಾಲ ತಲೆ ಮೇಲೆ ಕೂತಿದೆ."

"ಗಂಡ ಬದುಕಿರೋ ಮನೆಗೆ ಹೆಂಚು ಹೊದ್ಕೊಂಡು ಒಂಬತ್ತು ವರ್ಷ ಕೂತಿದ್ನಲ್ಲ, ಅದು ಹುಚ್ಚು. ಬರ್ತೀಯೋ, ನಾನೇ ಹತ್ತಲೋ?"

"ಅರವತ್ತಾಯ್ತು ನಿಂಗೆ. ಬಿದ್ರೆ?"

"ಬಿದ್ರೆ ಹಾಕು ಹೆಂಚು."

ಅವರು ಬಂದರು. ನಾನು ತಡೆಯಲಿಲ್ಲ, ಈ ಮನೆಯ ಮೇಲೆ ಏನಿರಬೇಕೆಂದು ಹೇಳುವ ಹಕ್ಕು ನನಗೆ ಇನ್ನು ಇಲ್ಲ. ಹುಡುಗಿಯರಿಗೆ ಒಂದು ದಿನ ರಜೆ ಕೊಟ್ಟೆ, ಅವರು ಸಾಲಾಗಿ ನಿಂತು ಹೆಂಚುಗಳನ್ನು ಕೈಯಿಂದ ಕೈಗೆ ದಾಟಿಸಿದರು. ಹೊಸ ಹುಲ್ಲು ಹೊದಿಸಿದ್ದೇವೆ. ಹನ್ನೆರಡನೆಯ ವರಸೆ ತೆರೆದುಕೊಂಡಿದೆ. ಅದರ ಮೇಲೆ ಗಾರೆಯಲ್ಲಿ ನಿಮ್ಮ ಬೆರಳಿನ ಗುರುತುಗಳಿವೆ, ಐದೂ ಬೆರಳು.

ಊರಿನಲ್ಲಿ ಈಗ ತಗ್ಗು ಮನೆಗಳು ಹದಿಮೂರು. ನನ್ನ ಪುಸ್ತಕವನ್ನು ತಿದ್ದಿದ್ದೇನೆ.

ಒಂದು ವರಸೆ ಎಷ್ಟು ತಿಂಗಳು ಹಿಡಿದರೂ ಇಲ್ಲಿ ಯಾರಿಗೂ ಅವಸರವಿಲ್ಲ. ಬನ್ನಿ.

ನಿಮ್ಮ ಮಗಳು,
ಮಾರ್ಸೆಲಿನ್


ಪ್ಯಾರಿಸ್
12 ನವೆಂಬರ್ 1899

ಕುಮಾರಿ ಲಾಶೊಮ್ ಅವರಿಗೆ,

ನಾನು ನಿಮ್ಮ ತಂದೆಯವರು ಇದ್ದ ವಸತಿಯ ಯಜಮಾನಿ. ಅಕ್ಟೋಬರ್ 22ರ ಅಂಚೆಮುದ್ರೆಯ ನಿಮ್ಮ ಪತ್ರವನ್ನೂ ಅದರ ಹಿಂದೆ ಬಂದ ಇನ್ನೊಂದನ್ನೂ ಇದರ ಜೊತೆ ಹಿಂದಿರುಗಿಸುತ್ತಿದ್ದೇನೆ. ಒಡೆದಿಲ್ಲ, ನೋಡಿಕೊಳ್ಳಬಹುದು.

ಶ್ರೀ ಲೆಯೊನಾರ್ ಅವರು ಸೆಪ್ಟೆಂಬರ್ ಕೊನೆಯಲ್ಲೇ ಕೋಣೆ ಬಿಟ್ಟರು. ಹದಿನೇಳು ವರ್ಷ ಒಂದೇ ಕೋಣೆಯಲ್ಲಿದ್ದವರು, ಒಂದು ಬೆಳಿಗ್ಗೆ ಟಪಾಲಿಗೆ ಒಂದು ಕಾಗದ ಹಾಕಿ ಬಂದು, ಇವತ್ತು ಹೊರಡುತ್ತೇನೆ ಎಂದರು. ಎಲ್ಲಿಗೆಂದು ಕೇಳಿದೆ. ಬೇರೆ ಕಡೆ ಕೆಲಸ ಇದೆ ಎಂದರು. ಆ ವಯಸ್ಸಿನಲ್ಲಿ, ಆ ಕೈಯಲ್ಲಿ ಎಂಥ ಕೆಲಸವೋ ನನಗೆ ತಿಳಿಯದು. ಹೊಸ ವಿಳಾಸ ಕೊಡಲಿಲ್ಲ. ತಮಗೆ ಇನ್ನು ಪತ್ರಗಳು ಬರುವುದಿಲ್ಲ ಎಂದರು.

ಒಳ್ಳೆಯ ಮನುಷ್ಯ, ಗಲಾಟೆ ಇಲ್ಲ. ಪ್ರತಿ ದಿನ ಬಿಸಿನೀರು ಕೇಳುತ್ತಿದ್ದರು, ಅದೊಂದೇ.

ಶ್ರೀಮತಿ ಪ್ರುಲಿಯೇರ್


ವೊಜಲಾದ್
17 ಡಿಸೆಂಬರ್ 1899

ಅಪ್ಪ,

ಈ ಪತ್ರಕ್ಕೆ ವಿಳಾಸವಿಲ್ಲ. ಬರೆದು ಶಾಲೆಯ ಮೇಜಿನೊಳಗೆ ಇಡುತ್ತೇನೆ.

ಗಂಡಸರು ಮೊನ್ನೆ ಬಂದರು. ಶಿಲುಬೆಯ ಹತ್ತಿರವೇ ಒಬ್ಬೊಬ್ಬರನ್ನೂ ಕೇಳಿದೆ. ನಿಮ್ಮನ್ನು ಯಾರೂ ನೋಡಿಲ್ಲ. ಒಬ್ಬರು ರೂಆಂ ಪಟ್ಟಣದ ಕಡೆ ಒಂದು ಕಟ್ಟಡದಲ್ಲಿ ಎಡಗೈಯಿಂದ ಗಾರೆ ಕಲಸುವ ಮುದುಕನೊಬ್ಬನ ಬಗ್ಗೆ ಕೇಳಿದ್ದಾರಂತೆ, ಆದರೆ ಅವನು ಬ್ರೆತಾಞ್ ಪ್ರಾಂತ್ಯದವನಂತೆ. ಆದರೂ ಅಲ್ಲಿಗೆ ಬರೆದಿದ್ದೇನೆ.

ಊರಿನ ಪುಸ್ತಕ ಕಳಿಸಿದ್ದಾಯಿತು. ಇನ್ಸ್‌ಪೆಕ್ಟರು ನಕ್ಷೆಯನ್ನು ಮೆಚ್ಚಿದ್ದಾರೆ. ಮನೆಗಳ ಭಾಗಕ್ಕೆ ಅಂಚಿನಲ್ಲಿ, "ಇದು ಭೂಗೋಳವೋ ಚರಿತ್ರೆಯೋ ಸ್ಪಷ್ಟವಾಗಿಲ್ಲ," ಎಂದು ಬರೆದಿದ್ದಾರೆ. ಒಂದು ಜಾಗದಲ್ಲಿ ಬಹಳ ಕಾಲ ಒಬ್ಬರಿಲ್ಲದಿದ್ದರೆ ಅದು ಯಾವ ತಲೆಬರಹದ ಕೆಳಗೆ ಬರುತ್ತದೋ ಸುತ್ತೋಲೆಯಲ್ಲಿ ಹೇಳಿಲ್ಲ.

ಹಿಮ ಶುರುವಾಗಿದೆ. ಹುಲ್ಲು ಒಂದೆರಡು ಕಡೆ ಸೋರುತ್ತದೆ. ಅಮ್ಮನ ಹಾಸಿಗೆಯನ್ನು ಒಲೆಯ ಪಕ್ಕಕ್ಕೆ ಎಳೆದಿದ್ದೇನೆ. ಕೆಮ್ಮು ಇದೆ. "ಇದು ನನ್ನ ಕೆಮ್ಮು, ನಿಂದಲ್ಲ," ಎನ್ನುತ್ತಾಳೆ ನಾನು ಮುಖ ಸಪ್ಪೆ ಮಾಡಿದರೆ. ನಿಮ್ಮ ಪತ್ರಗಳನ್ನು ನಾನು ಮತ್ತೆ ಓದಬೇಕಾಗಿ ಬರುವುದಿಲ್ಲ, ಅವಳಿಗೆ ಬಾಯಿಪಾಠವಾಗಿವೆ. ಮೊನ್ನೆ ಬಟ್ಟೆ ಒಗೆಯಲು ಹೋದಾಗ ಹೆಂಗಸರಿಗೆ ಕೆಂಪು ಕಲ್ಲಿನ ಕಥೆ ಹೇಳುತ್ತಿದ್ದಳು, ನೀವು ನಿನ್ನೆಯಷ್ಟೇ ಹೇಳಿದ್ದೆಂಬಂತೆ. ಒಬ್ಬಳು, "ಯಾವಾಗ ಬರ್ತಾರಂತೆ ಜಿಲ್ಬೆರ್ತಕ್ಕ?" ಎಂದಳು. "ಕೆಲಸ ಮುಗೀಬೇಕಲ್ಲ," ಎಂದಳು ಅಮ್ಮ, ಬೇರೆ ಯಾವ ಹೆಂಗಸಾದರೂ ಹೇಳುವ ದನಿಯಲ್ಲಿ. ಹದಿನೇಳು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ.

ಬ್ಲೇಜ್ ಚಿಕ್ಕಪ್ಪ ತಮ್ಮ ತಡೆಗೋಡೆಯ ಮೇಲಿನ ಎರಡು ವರಸೆ ಕೆಡವಿ ಹೊಸದಾಗಿ ಕಟ್ಟುತ್ತಿದ್ದಾರೆ, ಉದ್ದಗಲ್ಲು ಹಾಕಿ. ಈ ಚಳಿಯಲ್ಲಿ ಗಾರೆ ಹಿಡಿಯುವುದಿಲ್ಲ ಎಂದು ಎಲ್ಲರೂ ಹೇಳಿದರು. "ಅವನು ಬಂದಾಗ ಬಾಯಿ ಮುಚ್ಕೊಂಡು ಹೋಗ್ಬೇಕು ಆ ತಿರುವಲ್ಲಿ," ಎನ್ನುತ್ತಾರೆ.

ನಾನು ಸಂಜೆ ಶಾಲೆ ಬಿಟ್ಟ ಮೇಲೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅಲ್ಲಿಂದ ಮನೆ ಹೇಗೆ ಕಾಣುತ್ತದೆ ಎಂದು ನೋಡುತ್ತೇನೆ, ಬೇರೊಬ್ಬರ ಕಣ್ಣಿನಿಂದ ನೋಡಲು ಸಾಧ್ಯವಾದಷ್ಟು. ಹುಲ್ಲಿನ ಮೇಲೆ ಹಿಮ ಕೂತಿದ್ದರೆ ದೂರದಿಂದ ಹೆಂಚೋ ಹುಲ್ಲೋ ತಿಳಿಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಏಣಿ ಹತ್ತಿ ಬೀದಿಯ ಕಡೆಯ ಹಿಮವನ್ನು ತಳ್ಳುತ್ತೇನೆ. ಪ್ರತಿ ದಿನ.

ನಿಮ್ಮ ಮಗಳು,
ಮಾರ್ಸೆಲಿನ್

ಸಹಿ ಮಾಡಿ ಮಡಚಿದ್ದೆ. ಏನು ಬರೆಯುತ್ತಿದ್ದೀಯ ಎಂದು ಅಮ್ಮ ಕೇಳಿದಳು, ಹೇಳಿದೆ. ಎಲ್ಲಿಗೆ ಕಳಿಸುತ್ತೀಯ ಎಂದು ಕೇಳಲಿಲ್ಲ. ಚಿಕ್ಕಪ್ಪ ಮುಂದಿನ ವರ್ಷಗಳ ಕಲ್ಲುಗಳನ್ನು ಈಗಲೇ ಗಣಿಯಿಂದ ತೆಗೆಸಿ ನಮ್ಮ ಅಂಗಳದಲ್ಲಿ ಪೇರಿಸುತ್ತಾರಂತೆ, ಗೋಡೆಗೆ ಇಡುವವರು ನೀವೇ. ಎಷ್ಟು ತೆಗೆಸಬೇಕೆಂದು ಅವರಿಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ, ನೀವು ಅವಳಿಗೆ ಎಂದೂ ಹೇಳಿರಲಿಲ್ಲವಂತೆ, ಅವಳೂ ಕೇಳಿರಲಿಲ್ಲವಂತೆ. "ಕೇಳು," ಎನ್ನುತ್ತಿದ್ದಾಳೆ ಒಲೆಯ ಪಕ್ಕದಿಂದ, "ಬರೆದು ಕೇಳು."

ಅಪ್ಪ, ನಿಮ್ಮ ಮನಸ್ಸಿನಲ್ಲಿ ಈ ಮನೆ ಎಷ್ಟು ಎತ್ತರವಿತ್ತು?